ಗುರುತಿಲ್ಲದ ಜೋಳ

ಕುರಿಗಾರರ ಮನೆಯಲ್ಲಿ ಹುಟ್ಟಿದ ಮಗುವಿಗೆ ಅಪ್ಪ, ಅವ್ವ ಎನ್ನುವುದು ಬಂದ ಮೇಲೆ ಮೂರನೆಯದಾಗಿ ಕಲಿಸುವ ಪಾಠ ಒಂದಿದೆ: ಎಳೆ ಜೋಳಕ್ಕೆ ಕುರಿ ಬಿಡಬೇಡ. ಅದರಲ್ಲೂ ಕೂಳೆ ಜೋಳದ ಹತ್ತಿರವಂತೂ ಸುಳಿಯಲೇಬೇಡ. ಬೆಳೆ ಕೊಯ್ದ ಮೇಲೆ ಹೊಲದಲ್ಲಿ ಬುಡಗಳು ಉಳಿದಿರುತ್ತವಲ್ಲ, ಅವುಗಳ ಮೇಲೆ ಬೇಸಿಗೆಯ ಒಂದು ಅಡ್ಡಮಳೆ ಬಿದ್ದರೆ ಸಾಕು, ವಾರದೊಳಗೆ ಗೇಣುದ್ದ ಚಿಗುರು ಎದ್ದು ನಿಲ್ಲುತ್ತದೆ. ಸುತ್ತಲಿನ ನೆಲವೆಲ್ಲ ಒಣಗಿ ಬಿರುಕು ಬಿಟ್ಟಿರುವಾಗ ಅದೊಂದೇ ಹಸಿರು. ಕುರಿಗೆ ಬಿಡಿ, ಮನುಷ್ಯರಿಗೇ ಮೇಯೋಣ ಅನ್ನಿಸಬೇಕು, ಹಾಗಿರುತ್ತದೆ. ಆ ಚಿಗುರಿನಲ್ಲಿ ವಿಷವಿದೆ. ಹೊಟ್ಟೆ ತುಂಬ ಮೇದ ಕುರಿ ಬಾಯಿ ತೆರೆದು ಉಸಿರಿಗಾಗಿ ಒದ್ದಾಡಿ, ಅರ್ಧ ತಾಸಿನಲ್ಲಿ ಕಾಲು ಚಾಚುತ್ತದೆ.

ವಿದ್ಯಾ ಒಂಬತ್ತು ವರ್ಷದವಳಿದ್ದಾಗ ಅವಳ ಅಪ್ಪ ಭೀಮರಾಯನ ಹಿಂಡು ಹೀಗೇ ಹೋಯಿತು. ತಮ್ಮೂರು ಬೆಲ್ಲದ ಬಾಗೇವಾಡಿಯ ಆಚೆ ಯಾರದೋ ಹೊಲ. ಮೈಯಲ್ಲಿ ಜ್ವರವಿತ್ತೆಂದು ಭೀಮರಾಯ ಬೇವಿನ ಗಿಡದ ಕೆಳಗೆ ಕಣ್ಣು ಮುಚ್ಚಿದ್ದು ಒಂದು ಗಳಿಗೆ. ಕಣ್ಣು ತೆರೆದಾಗ ಅರವತ್ತು ಕುರಿ ಅಡ್ಡ ಬಿದ್ದಿದ್ದವು. ಭೀಮರಾಯ ಮತ್ತೆ ಬಡಿಗೆ ಹಿಡಿಯದೆ ಮೂಲೆ ಹಿಡಿದು ಕೂತು, ಕೆಲವು ವರ್ಷಗಳಲ್ಲಿ ತೀರಿಕೊಂಡ. ಅಣ್ಣ ಮುತ್ತಪ್ಪ ಆಗ ಎಂಟನೆಯ ಇಯತ್ತೆ. ಮರುದಿನ ಸಾಲಿಗೆ ಹೋಗಲಿಲ್ಲ, ಆಮೇಲೆ ಎಂದೂ ಹೋಗಲಿಲ್ಲ. ಉಳಿದ ಹದಿನಾಲ್ಕು ಕುರಿಗಳನ್ನು ಹಿಡಿದುಕೊಂಡು ಊರೂರು ತಿರುಗಿ ಅವನ್ನು ನೂರಾ ನಲವತ್ತು ಮಾಡುವಷ್ಟರಲ್ಲಿ ಅವನ ಮೀಸೆ ಹಣ್ಣಾಯಿತು. ತಂಗಿ ಮಾತ್ರ ಓದಿದಳು. ಅಣ್ಣ ಬಿಸಿಲಲ್ಲಿ ನಡೆದಷ್ಟು ದೂರ ಅವಳು ನೆರಳಲ್ಲಿ ಓದಿದಳು ಎಂದರೂ ತಪ್ಪಿಲ್ಲ. ಕೊನೆಗೆ ಸಸ್ಯವಿಜ್ಞಾನದಲ್ಲಿ ಡಾಕ್ಟರ್ ಆದಳು. ಊರಿಗೆ ಬಂದರೆ ಮುದುಕಿಯರು ಅವಳ ಮುಂದೆ ಮೊಣಕಾಲು ಚಾಚಿ ಕೂಡುತ್ತಿದ್ದರು. “ಇಕಿ ಬೆಳಿ ಡಾಕ್ಟರ್, ಮಂದಿ ಡಾಕ್ಟರ್ ಅಲ್ಲ,” ಎಂದು ಮುತ್ತಪ್ಪ ಬಿಡಿಸಿ ಹೇಳಿ ಹೇಳಿ ಸುಸ್ತಾಗಿದ್ದ.

ಗೋಕಾಕದ ಒಂದು ಬೀಜ ಸಂಶೋಧನಾ ಕೇಂದ್ರದಲ್ಲಿ ಅವಳಿಗೆ ಕೆಲಸ. ಜೋಳದ ಚಿಗುರಿನಿಂದ ಆ ವಿಷವನ್ನು ತೆಗೆಯಬೇಕು ಎಂಬುದು ಅವಳು ಹಿಡಿದ ಹಟ. ಜೀನ್ ಎಡಿಟಿಂಗ್ ಎಂದರೆ ಕೆಲವರು ಕಪ್ಪೆಯ ಗುಣವನ್ನೋ ಮೀನಿನ ಗುಣವನ್ನೋ ತಂದು ತುರುಕುತ್ತಾರೆ ಎಂದು ತಿಳಿದು ಹೌಹಾರುತ್ತಾರೆ. ಇವಳು ಮಾಡಿದ್ದು ಅದಲ್ಲ. ಜೋಳದೊಳಗೇ, ಆ ವಿಷ ತಯಾರಾಗಲು ಬೇಕಾದ ವಂಶವಾಹಿಯೊಂದಿದೆ. ಅದನ್ನು ಹುಡುಕಿ ಅದರಿಂದ ಒಂದು ಸಣ್ಣ ಚೂರನ್ನು ಕತ್ತರಿಸಿ ಬಿಟ್ಟಳು. ಒಲೆ ಇದ್ದಲ್ಲೇ ಇರುತ್ತದೆ, ಅದರ ಮೇಲೆ ಅಡಿಗೆ ಮಾತ್ರ ಆಗುವುದಿಲ್ಲ. ಕೆಲಸಕ್ಕೆ ಆರಿಸಿಕೊಂಡ ತಳಿಯೂ ಅವಳ ಮನೆಯದೇ, ಅವ್ವ ಕೆಂಪವ್ವ ವರ್ಷ ವರ್ಷ ತೆನೆ ಆರಿಸಿ ಇಟ್ಟುಕೊಳ್ಳುವ ಬಿಳಿಜೋಳ. ಆ ಭಾಗದಲ್ಲಿ ಅದನ್ನು ಬಿತ್ತದವರು ಕಡಿಮೆ.

ಕೇಂದ್ರದಲ್ಲಿ ಅವಳ ಜೊತೆಗಿದ್ದವಳು ಸುಮನ. ಮೂಡಲಗಿಯ ಹುಡುಗಿ, ಕೂಲಿ ಮಾಡಿ ಮಕ್ಕಳನ್ನು ಓದಿಸಿದ ಉದ್ದವ್ವನ ಮಗಳು, ವಿದ್ಯಾಗಿಂತ ಹತ್ತು ವರ್ಷ ಚಿಕ್ಕವಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಮೊದಲ ಸಸಿಗಳು ಗಾಜಿನ ಮನೆಯಲ್ಲಿ ಕಣ್ಣು ಬಿಡುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಚಹಾ ಕುಡಿಯುತ್ತ ಅವಳೊಂದು ಮಾತು ತೆಗೆದಳು.

“ಮೇಡಂ, ಇನ್ನೊಂದು ಕಡೆನೂ ಕತ್ತರಿ ಆಡಸೋಣ್ರಿ. ಎಲಿ ನಡುವಿನ ನರ ಬೆಳ್ಳಗ ಇರೂ ಬದಲಿ ಕಂದು ಆಗತೈತಿ. ಬದುವಿನ ಮ್ಯಾಲೆ ನಿಂತು ನೋಡಿದ್ರ ಸಾಕು, ಇದು ನಮ್ಮ ಜೋಳ ಅಂತ ಗೊತ್ತಾಗತೈತಿ.”

“ಯಾಕ ಗೊತ್ತಾಗಬೇಕು?”

“ಯಾವ ಹೊಲದಾಗ ವಿಷ ಐತಿ, ಯಾವುದರಾಗ ಇಲ್ಲ ಅಂತ ಮಂದಿಗಿ ತಿಳಿಯೂದು ಬ್ಯಾಡೇನ್ರಿ?”

“ಬೀಜದ ಚೀಲದ ಮ್ಯಾಲೆ ಬರದಿರತೈತಲ್ಲ.”

ಸುಮನ ನಕ್ಕಳು. “ಚೀಲ ಬಿತ್ತಿದಾವನ ಮನ್ಯಾಗ ಇರತೈತ್ರಿ. ನಮ್ಮವ್ವ ಮೂವತ್ತು ವರ್ಷ ಮಂದಿ ಹೊಲದಾಗ ಕಸಾ ತಗದಾಳ. ಅಕಿಗಿ ಯಾರೂ ಒಂದಿನಾನೂ ಚೀಲ ತೋರಿಸಿಲ್ಲ. ಹೊಲಾನ ನೋಡಿ ತಿಳಕೋಬೇಕು. ನಿಮ್ಮ ಮಂದಿನೂ ಹಂಗ ಅಲ್ಲೇನ್ರಿ? ಬ್ಯಾರೆಯವರ ಹೊಲದಾಗ ಕುರಿ ಮೇಸಾವ್ರು.”

ವಿದ್ಯಾ ಚಹಾದ ಕಪ್ಪು ಕೆಳಗಿಟ್ಟಳು. “ಸುಮನ, ನಮ್ಮವ್ವನಂಥಾಕಿ ಕಂದು ನರದ ಜೋಳ ನೋಡಿದ್ರ ರೋಗ ಬಡದೈತಿ ಅಂತ ಕಿತ್ತ ಒಗೀತಾಳ. ಅಂಥಾ ಜೋಳದ ರೊಟ್ಟಿ ಬಡಿಯಾಕ ಒಪ್ಪೂದಿಲ್ಲ. ನಮ್ಮವ್ವ ನನಗ ಗೊತ್ತಿಲ್ಲೇನ? ಇದ್ದಂಗ ಇರಬೇಕು, ವಿಷ ಅಷ್ಟ ಇರಬಾರದು. ಅದೊಂದ ಸಾಕು.”

ಹಿರಿಯಳು ಅವ್ವನ ಹೆಸರು ತೆಗೆದ ಮೇಲೆ ಕಿರಿಯಳು ಏನು ವಾದಿಸಿಯಾಳು? ಸುಮನ ಚಹಾ ಮುಗಿಸಿ ಸಸಿಗಳ ಕಡೆ ಎದ್ದು ಹೋದಳು.

ಆದರೆ ನಮ್ಮಲ್ಲಿ ಮುಚ್ಚುಮರೆ ಏಕೆ? ವಿದ್ಯಾ ಹೇಳಿದ್ದರಲ್ಲಿ ಅವ್ವನ ಪಾಲು ಅರ್ಧ, ಅವಳ ಸ್ವಂತ ಜಂಭದ ಪಾಲು ಇನ್ನರ್ಧ. ಒಂದೇ ಒಂದು ಕಡೆ ಕೈಯಾಡಿಸಿ ಮತ್ತೆಲ್ಲವನ್ನೂ ಇದ್ದ ಹಾಗೇ ಬಿಡುವುದು ಅವಳ ವಿದ್ಯೆಯವರಲ್ಲಿ ದೊಡ್ಡ ಹೆಗ್ಗಳಿಕೆ. ಮುಂದೆ ಒಂದು ಸಮ್ಮೇಳನದಲ್ಲಿ ಅವಳು ಪರದೆಯ ಮೇಲೆ ಎರಡು ಸಸಿಗಳ ಚಿತ್ರ ತೋರಿಸಿ, ಇದರಲ್ಲಿ ಹಳೆಯದು ಯಾವುದು, ತಿದ್ದಿದ್ದು ಯಾವುದು ಹೇಳಿ ಎಂದು ಕೇಳಿದ್ದುಂಟು. ಸಭೆಯಲ್ಲಿದ್ದ ಮುನ್ನೂರು ಪಂಡಿತರಲ್ಲಿ ಒಬ್ಬರಿಗೂ ಹೇಳಲಾಗಲಿಲ್ಲ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಅವಳಿಗೆ ಬಹಳ ಹಿಡಿಸಿತು.

ಅಂಕಲಗಿಯ ಹೊರಗೆ ಕೇಂದ್ರದವರು ಎರಡು ಎಕರೆ ಎರೆ ಹೊಲ ಹಿಡಿದು, ಪರವಾನಗಿ ಪಡೆದು, ಬಿತ್ತಿದರು. ಮೊದಲ ಸುಗ್ಗಿಯ ಜೋಳದಲ್ಲಿ ಎರಡು ಸೇರು ತೆಗೆದುಕೊಂಡು ವಿದ್ಯಾ ಊರಿಗೆ ಹೋದಳು. ತಿನ್ನಲು ಪರವಾಗಿಲ್ಲ ಎಂಬ ಪರೀಕ್ಷೆಗಳೆಲ್ಲ ಮುಗಿದಿದ್ದವು, ಆದರೆ ಅವಳಿಗೆ ಅವ್ವನ ಪರೀಕ್ಷೆಯೇ ದೊಡ್ಡದು. ಕೆಂಪವ್ವ ಬೀಸಿಸಿದಳು, ನಾದಿದಳು, ಬಡಿದಳು. ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, “ಇದರಾಗ ಏನ ಮಾಡೀಯ? ಇದು ನಮ್ಮ ಜೋಳನ ಐತಲ್ಲ,” ಎಂದಳು. ವಿದ್ಯಾಗೆ ಸ್ವರ್ಗ ಮೂರೇ ಗೇಣು. ಅಂದು ಮೂರು ರೊಟ್ಟಿ ಹೆಚ್ಚಿಗೆ ಉಂಡಳು.

ಇನ್ನು ಕುರಿ ಮೇಯಿಸಿ ನೋಡುವುದು ಉಳಿದಿತ್ತು. ಅದಕ್ಕೂ ಪರವಾನಗಿ ಬಂತು. ಕೇಂದ್ರದವರು ಎಲ್ಲಿಂದಲೋ ಹತ್ತು ಕುರಿ ತರಿಸುವ ಮಾತಾಡಿದರು. ವಿದ್ಯಾ ಅದು ಬೇಡವೆಂದಳು. ಅಣ್ಣನ ಹಿಂಡೇ ಮೇಯಬೇಕು. ಅಪ್ಪನನ್ನು ಕೂಡಿಸಿಬಿಟ್ಟ ಆ ಚಿಗುರನ್ನು ಅಣ್ಣನ ಕುರಿಗಳು ಹೊಟ್ಟೆ ತುಂಬ ಮೇದು ಏಳುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು.

ಮುತ್ತಪ್ಪ ಒಪ್ಪಬೇಕಲ್ಲ! ಅವಳು ಹೊಲದ ಬದುವಿನ ಮೇಲೆ ಕೂತು ಅವನಿಗೆ ಪರೀಕ್ಷೆ ಮಾಡಿ ತೋರಿಸಿದಳು. ಎರಡು ಸಣ್ಣ ಸೀಸೆ. ಒಂದರಲ್ಲಿ ಸಾದಾ ಜೋಳದ ಎಲೆ ಜಜ್ಜಿ ಹಾಕಿದಳು, ಇನ್ನೊಂದರಲ್ಲಿ ತನ್ನ ಜೋಳದ್ದು. ಎರಡರ ಬಾಯಿಗೂ ಹಳದಿ ಕಾಗದದ ಪಟ್ಟಿ ತೂಗುಬಿಟ್ಟಳು. ಸ್ವಲ್ಪ ಹೊತ್ತಿಗೆ ಮೊದಲ ಸೀಸೆಯ ಪಟ್ಟಿ ಇಟ್ಟಂಗಿಯ ಹಾಗೆ ಕೆಂಪಾಯಿತು. ಎರಡನೆಯದು ಹಳದಿಯಾಗಿಯೇ ಉಳಿಯಿತು.

“ಇದೆಲ್ಲ ಖರೆ ಇರಬೇಕು,” ಎಂದ ಮುತ್ತಪ್ಪ. “ಆದ್ರ ಎರಡೂ ಎಲಿ ಒಂದ ಥರಾ ಅದಾವಲ್ಲ ವಿದ್ಯಾ. ನಾನೇನು ಕೊಳ್ಳಾಗ ಸೀಸೆ ಕಟಗೊಂಡು ತಿರುಗಲೇನು?”

“ನಾನ ಇರತೇನಿ ಅಲ್ಲಾ. ನಾನು ಬಂದು ನೋಡಿದ ಮ್ಯಾಲೆ ನೀ ಕುರಿ ಬಿಡು.”

ಅಣ್ಣ ಬಹಳ ಹೊತ್ತು ಚಿಗುರನ್ನೇ ನೋಡಿದ. “ಬ್ಯಾರೆ ಯಾರರ ಹೇಳಿದ್ರ ಬಡಿಗಿ ತಗೋತಿದ್ದೆ,” ಎಂದು ಎದ್ದ.

ಆ ಮೊದಲ ಬೇಸಿಗೆಯಲ್ಲಿ ಆದದ್ದು ಯಾರೂ ಎಣಿಸದ ಸಂಗತಿ. ಕುರಿಗಳೇ ಒಲ್ಲೆನೆಂದವು. ಕುರಿಗಾರರು ಮರಿಯಿದ್ದಾಗಿನಿಂದ ಹಿಂಡಿಗೆ ಕಲಿಸಿರುತ್ತಾರೆ. ಎಳೆ ಜೋಳದ ಕಡೆ ಮೋರೆ ತಿರುಗಿಸಿದ ಕುರಿಗೆ ಮೂಗಿನ ಮುಂದೆ ಬಡಿಗೆ ಬೀಳುತ್ತದೆ, ಜೊತೆಗೆ ಗಂಟಲಿನಿಂದ ಹೊರಡುವ ಒಂದು ಗಡಸು ಕೂಗು. ಆ ಕೂಗು ಜೋಳಕ್ಕೆಂದೇ ಮೀಸಲು, ಬೇರೆ ಯಾವುದಕ್ಕೂ ಅದನ್ನು ಬಳಸುವುದಿಲ್ಲ. ತಾಯಿ ಕುರಿ ಹಿಂದೆ ಸರಿದರೆ ಮರಿಯೂ ಸರಿಯುತ್ತದೆ. ಹಾಗೆ ಕಲಿತ ನೂರಾ ನಲವತ್ತು ಕುರಿಗಳು ವಿದ್ಯಾಳ ಹಸಿರಿನ ಅಂಚಿಗೆ ಬಂದು ಸಾಲಾಗಿ ನಿಂತುಬಿಟ್ಟವು. ಒಂದೂ ಬಾಯಿ ಹಾಕಲಿಲ್ಲ. ಕೇಂದ್ರದಿಂದ ನೋಡಲು ಬಂದಿದ್ದ ಸಾಹೇಬರು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಮುತ್ತಪ್ಪನಿಗೆ ಒಳಗೊಳಗೇ ಹೆಮ್ಮೆ. ಆಮೇಲೆ ಮೂರು ದಿನ ಅವನು ಚಿಗುರು ಕಿತ್ತು ಕೈಯಲ್ಲಿ ಹಿಡಿದು, ಮುಂದಾಳು ಟಗರಿಗೆ ತಿನ್ನಿಸಿ, ಬೆನ್ನು ಸವರಿ, ಗದ್ದ ಕೆರೆದು, ತಾನೇ ಕಲಿಸಿದ್ದನ್ನು ತಾನೇ ಬಿಡಿಸಿದ. ನಾಲ್ಕನೆಯ ದಿನ ಹಿಂಡು ಹೊಲಕ್ಕಿಳಿಯಿತು.

ಒಂದು ಕುರಿಗೂ ಏನೂ ಆಗಲಿಲ್ಲ. ಮುತ್ತಪ್ಪ ಸಂಜೆಯವರೆಗೂ ನೀರು ಸಹ ಕುಡಿಯದೆ ಒಂದೊಂದರ ಬಾಯಿ, ಕಣ್ಣು ನೋಡುತ್ತ ತಿರುಗಿದ. ಹೊತ್ತು ಇಳಿಯುವಾಗ ತಂಗಿಯ ಹತ್ತಿರ ಬಂದು ಕೂತು, “ಅಪ್ಪ ಇರಬೇಕಿತ್ತು,” ಎಂದ. ವಿದ್ಯಾಗೆ ಅಳು ತಡೆಯಲಾಗಲಿಲ್ಲ. ಅವಳ ಇಡೀ ಜೀವಮಾನದಲ್ಲಿ ಅಂಥ ಸುಖದ ದಿನ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಎರಡನೆಯ ಬೇಸಿಗೆಗೆ ಕುರಿಗಳನ್ನು ಹೊಲಕ್ಕೆ ಇಳಿಸುವ ಕೆಲಸವೇ ಇರಲಿಲ್ಲ, ಹಿಡಿದು ನಿಲ್ಲಿಸುವುದೇ ಕೆಲಸ. ದೂರದಿಂದ ಹಸಿರು ಕಂಡದ್ದೇ ತಡ, ಓಡುತ್ತಿದ್ದವು. ಆ ವರ್ಷದ ಮರಿಗಳಿಗಂತೂ ಜೋಳದ ಭಯವೆಂದರೆ ಏನೆಂದೇ ಗೊತ್ತಿರಲಿಲ್ಲ, ಆ ಗಡಸು ಕೂಗನ್ನು ಅವು ಕೇಳಿಯೇ ಇರಲಿಲ್ಲ. ವಿದ್ಯಾಳ ಕಟ್ಟುನಿಟ್ಟೂ ಸಡಿಲವಾಯಿತು. ಮೊದಲೆಲ್ಲ ತಾನು ನಿಂತು, ಎಲೆ ಪರೀಕ್ಷಿಸಿ, ಆಮೇಲೆಯೇ ಬಿಡು ಎನ್ನುತ್ತಿದ್ದವಳು ಈಗ, “ನೀ ಬಿಟ್ಟಿರು ಅಣ್ಣಾ, ನಾ ಹಿಂದಿಂದ ಬರತೇನಿ,” ಎನ್ನತೊಡಗಿದಳು. ಎಲ್ಲ ಸುಸೂತ್ರ ನಡೆದಾಗ ಮನುಷ್ಯರಿಗೆ ಹಾಗಾಗುತ್ತದೆ, ಅದಕ್ಕೆ ಡಾಕ್ಟರ್ ಪದವಿ ಅಡ್ಡ ಬರುವುದಿಲ್ಲ.

ಮೂರನೆಯ ವರ್ಷ ಕೇಂದ್ರದವರು ಇನ್ನೊಂದು ಎಕರೆ ಸೇರಿಸಿಕೊಂಡರು. ಅದು ಹಳೆಯ ಹೊಲದ ಪಡುವಣಕ್ಕಿತ್ತು. ಮೂಡಣಕ್ಕೆ, ಧುಪದಾಳದಿಂದ ಬರುವ ದಾರಿಯ ಕಡೆಗೆ, ರಾಜಪ್ಪ ಎಂಬವರ ಹೊಲ. ಹಿಂದಿನ ಎರಡು ವರ್ಷ ರಾಜಪ್ಪ ಅಲ್ಲಿ ಕಡಲೆ ಹಾಕಿದ್ದರು. ಈ ವರ್ಷ ಜೋಳ ಬಿತ್ತಿದ್ದರು, ಎಲ್ಲರೂ ಬಿತ್ತುವ ಅದೇ ಬಿಳಿಜೋಳ. ಕೊಯ್ಲು ಮುಗಿದು ಎರಡೂ ಕಡೆ ಬುಡಗಳು ಉಳಿದವು. ಹಿಂಡು ಹೊಕ್ಕು ಹೊರಡಲು ಅನುಕೂಲವಾಗಲೆಂದು ಕೇಂದ್ರದವರು ಎಂದಿನಂತೆ ತಂತಿ ಬೇಲಿ ಬಿಚ್ಚಿ ಸುತ್ತಿಟ್ಟರು. ಏಪ್ರಿಲ್ ಎರಡನೆಯ ವಾರ ಮಳೆ ಬಿತ್ತು. ಎರಡೂ ಹೊಲ ಒಟ್ಟಿಗೇ ಚಿಗುರಿದವು.

ಮುತ್ತಪ್ಪನ ಹಿಂಡು ಆಗ ಧುಪದಾಳದ ಹಿನ್ನೀರಿನ ಬಳಿಯಿತ್ತು. ಅವನು ಫೋನ್ ಮಾಡಿದಾಗ ವಿದ್ಯಾ ಒಂದು ಮೀಟಿಂಗಿನ ಬಾಗಿಲಲ್ಲಿದ್ದಳು.

“ಮಳಿ ಚಲೋ ಆಗೇತಿ. ನಾಳಿ ಮುಂಜಾನೆ ಹಿಂಡ ತರಲೇನು?”

“ತಾ ಅಣ್ಣಾ. ಈ ಸಲ ಬಾಜೂಕಿನ ಎಕರೆನೂ ನಮ್ದ ಐತಿ, ಮೇವಿಗಿ ಕಡಿಮಿ ಇಲ್ಲ. ನಾ ಹತ್ತಕ್ಕ ಬರತೇನಿ, ನೀ ಬಿಟ್ಟಿರು.”

ಯಾವ ಬಾಜೂ ಎಂದು ಅವಳು ಹೇಳಲಿಲ್ಲ. ಒಳಗಿನಿಂದ ಯಾರೋ ಕರೆದರು, ಫೋನ್ ಇಟ್ಟಳು. ಹೇಳಲು ಒಂದು ಉಸಿರು ಸಾಕಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಮುತ್ತಪ್ಪ ಅಂಕಲಗಿಯ ದಾರಿಯ ತಿರುವಿಗೆ ಬಂದ. ಹಿಂದಿನ ವರ್ಷಗಳಲ್ಲಿ ಮೊದಲು ಒಣಗಿದ ಕಡಲೆಯ ಹೊಲ ಸಿಗುತ್ತಿತ್ತು, ಅದನ್ನು ದಾಟಿದರೆ ತಂಗಿಯ ಹಸಿರು. ಈಗ ದಾರಿಯ ಅಂಚಿನಿಂದಲೇ ಹಸಿರು ಹಾಸಿತ್ತು. ಓಹೋ, ತಂಗಿ ಹೇಳಿದ ಎಕರೆ ಇದೇ ಎಂದುಕೊಂಡ. ಆದರೂ ಹಳೆಯ ಕುರಿಗಾರ, ಬಗ್ಗಿ ಒಂದು ಎಲೆ ಕಿತ್ತು ನೋಡಿದ. ಬಿಳಿ ನರ, ಅದೇ ಬಣ್ಣ, ಅದೇ ಅಗಲ. ತಂಗಿಯ ಜೋಳವೇ. ಅಷ್ಟರಲ್ಲಿ ಹಿಂಡು ಅವನನ್ನು ದಾಟಿ ಒಳಗೆ ನುಗ್ಗಿತ್ತು. ಅವನು ತಡೆಯಲಿಲ್ಲ.

ಮೊದಲು ಒಂದು ಮರಿ ತೂರಾಡಿತು. ಕಲ್ಲು ಎಡವಿರಬೇಕು ಎಂದುಕೊಂಡ. ಆಮೇಲೆ ಅದರ ತಾಯಿ ಮೊಣಕಾಲೂರಿತು. ಮೂರನೆಯದರ ತೆರೆದ ಬಾಯಿ ಕಂಡದ್ದೇ ಮುತ್ತಪ್ಪ ಎಂದೋ ಬಿಟ್ಟುಬಿಟ್ಟಿದ್ದ ಆ ಕೂಗನ್ನು ಕೂಗಿದ, ಬಡಿಗೆ ಬೀಸಿದ, ಕಲ್ಲು ತೂರಿದ. ಹಳೆಯ ಕುರಿ ಕೆಲವು ತಲೆಯೆತ್ತಿ ಹಿಂದೆ ಸರಿದವು. ಉಳಿದವು ಮೇಯುತ್ತಲೇ ಇದ್ದವು.

ವಿದ್ಯಾ ಮತ್ತು ಸುಮನ ಜೀಪಿನಿಂದ ಇಳಿದಾಗ ಅಂಕಲಗಿಯ ದನದ ಡಾಕ್ಟರು ಆಗಲೇ ಬಂದು ಸೂಜಿಯ ಮೇಲೆ ಸೂಜಿ ಚುಚ್ಚುತ್ತಿದ್ದರು. ಊರಿನ ಮಂದಿ ಬೆಲ್ಲದ ನೀರು ಹುಯ್ಯುತ್ತಿದ್ದರು. ರಾಜಪ್ಪ ತಲೆಯ ಮೇಲೆ ಕೈ ಹೊತ್ತು, “ನನಗ ಗೊತ್ತಿದ್ದಿಲ್ರಿ, ನಾ ಊರಾಗ ಇದ್ದೆ,” ಎಂದು ಕಂಡಕಂಡವರಿಗೆ ಹೇಳುತ್ತಿದ್ದರು. ಎಂಬತ್ತೇಳು ಕುರಿ ಸತ್ತವು. ಮರಿಗಳಂತೂ ಒಂದೂ ಉಳಿಯಲಿಲ್ಲ. ಬದು ದಾಟಿ ಪಡುವಣಕ್ಕೆ ಹೋಗಿದ್ದ ಮೂವತ್ತು ಚಿಲ್ಲರೆ ಕುರಿಗಳು ಮಾತ್ರ ಇತ್ತ ಏನಾಗುತ್ತಿದೆ ಎಂಬ ಪರಿವೆಯೇ ಇಲ್ಲದೆ ವಿದ್ಯಾಳ ಜೋಳವನ್ನು ತಣ್ಣಗೆ ಮೇಯುತ್ತಿದ್ದವು.

ಮುತ್ತಪ್ಪ ಸತ್ತ ಟಗರಿನ ಪಕ್ಕದಿಂದ ಎದ್ದು ಬಂದ. ಮೈಯೆಲ್ಲ ಮಣ್ಣು, ಬೆಲ್ಲದ ನೀರು. ಕೈಯಲ್ಲಿ ಎರಡು ಎಲೆ ಹಿಡಿದಿದ್ದ.

“ವಿದ್ಯಾ, ಒಂದು ಇತ್ತಾಗಿಂದ ಹರಕೊಂಡೇನಿ, ಒಂದು ಅತ್ತಾಗಿಂದ. ಇದರಾಗ ನಿಂದು ಯಾವುದು? ತೋರಸು ನನಗ. ನಾ ಎಲ್ಲಿ ನೋಡಬೇಕಿತ್ತು, ಹೇಳು.”

ಜಗಳದ ದನಿಯಲ್ಲ. ಕಲಿಯುವವನ ದನಿ. ವಿದ್ಯಾ ಎರಡೂ ಎಲೆ ತೆಗೆದುಕೊಂಡಳು, ತಿರುವಿ ನೋಡಿದಳು, ಬೆಳಕಿಗೆ ಹಿಡಿದಳು. ಅವಳಿಗೂ ಗೊತ್ತಾಗಲಿಲ್ಲ. ಮಾಡಿದವಳು ಅವಳೇ, ಆದರೂ ಅವಳಿಗೇ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಸುಮನ ಬಗ್ಗಿ, ಇನ್ನೂ ಉಸಿರಿದ್ದ ಒಂದು ಕುರಿಯ ತಲೆಯನ್ನು ಎತ್ತಿ ಹಿಡಿದಳು. ಅವಳು ಬೈದಿದ್ದರೆ ವಿದ್ಯಾಗೆ ಎಷ್ಟೋ ಹಗುರಾಗುತ್ತಿತ್ತು.

ವಿಚಾರಣೆ ನಡೆಯಿತು. ಕೇಂದ್ರದವರು ಬರೆದ ವರದಿಯಲ್ಲಿ ಒಂದೂ ಸುಳ್ಳಿರಲಿಲ್ಲ. ಕುರಿಗಳ ಸಾವು ಪ್ರಯೋಗದ ಹೊಲದ ಹೊರಗೆ ಆಗಿದೆ. ತಿದ್ದಿದ ಜೋಳ ಮೇದ ಯಾವ ಕುರಿಗೂ ತೊಂದರೆಯಾಗಿಲ್ಲ. ಸತ್ತ ಕುರಿಗಳ ಹೊಟ್ಟೆಯಲ್ಲಿ ಸಿಕ್ಕಿದ್ದು ಸಾದಾ ಜೋಳ. ಅಷ್ಟೇ ಏಕೆ, ಈ ಘಟನೆ ತಿದ್ದಿದ ಜೋಳದ ಅವಶ್ಯಕತೆಯನ್ನೇ ಎತ್ತಿ ತೋರಿಸುತ್ತದೆ ಎಂದು ಕೊನೆಗೊಂದು ಸಾಲು ಸೇರಿಸಿದರು. ಪ್ರತಿಯೊಂದು ಸಾಲೂ ಖರೆ. ವಿದ್ಯಾ ಅದನ್ನು ಎರಡು ಸಲ ಓದಿ ಸಹಿ ಹಾಕಿದಳು. ಸಹಿ ಹಾಕಿದ ಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡಳು.

ಹದಿನೈದು ದಿನ ಅವಳು ಊರಿನ ಕಡೆ ಹೋಗಲಿಲ್ಲ. ಕಾಲು ಬರಲಿಲ್ಲ ಎಂದರೆ ಸರಿ. ಆಮೇಲೆ ಒಂದು ಮಧ್ಯಾಹ್ನ, ಮುತ್ತಪ್ಪ ಉಳಿದ ಕುರಿಗಳನ್ನೂ ಕೊಟ್ಟುಬಿಡಲು ಗಿರಾಕಿ ಹುಡುಕುತ್ತಿದ್ದಾನೆ ಎಂಬ ಸುದ್ದಿ ಬಂತು. ವಿದ್ಯಾ ಕೂತಲ್ಲಿಂದ ಎದ್ದವಳೇ ಬೆಲ್ಲದ ಬಾಗೇವಾಡಿಯ ಬಸ್ಸು ಹತ್ತಿದಳು.

ಪಡಸಾಲೆಯಲ್ಲಿ ಕೆಂಪವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮುತ್ತಪ್ಪ ಗೋಡೆಗೊರಗಿ ಸುಮ್ಮನೆ ಕೂತಿದ್ದ. ಆ ಹೊತ್ತಿನಲ್ಲಿ ಹಾಗೆ ಅವನು ಮನೆಯಲ್ಲಿ ಕೂತದ್ದನ್ನು ವಿದ್ಯಾ ಹುಟ್ಟಿದಾಗಿನಿಂದ ನೋಡಿರಲಿಲ್ಲ. ತಂಗಿಯನ್ನು ಕಂಡು ನಕ್ಕ. ನೀರು ಕೊಡಲು ಏಳಹೋದ, ಅವಳು ಬೇಡವೆಂದಳು.

“ಕುರಿ ಕೊಡಾಕತ್ತೀಯಂತ?”

“ಹೂಂ. ಸಾಕವ್ವ. ನಿನ್ನ ಜೋಳ ಏನೂ ಮಾಡಿಲ್ಲ, ಅದನ್ನ ಮನಸಿಗಿ ಹಚಗೋಬ್ಯಾಡ. ನಂದ ತಪ್ಪು. ಎಲಿ ಕಿತ್ತು ನೋಡೇನಿ, ಕೈಯಾಗ ಹಿಡದು ನೋಡೇನಿ, ಆದ್ರೂ ಗುರುತ ಸಿಗಲಿಲ್ಲ. ಕುರಿಗಾರಗ ಮೇವಿನ ಮ್ಯಾಲಿನ ಕಣ್ಣ ಹೋತು ಅಂದ್ರ ಮುಗೀತು. ಉಳದ ಕುರೀನೂ ಕೊಲ್ಲೂಕಿಂತ ಮೊದ್ಲ ಕೊಟ್ಟಬಿಡೂದು ಚಲೋ.”

ಇದನ್ನು ಕೇಳಿಸಿಕೊಂಡು ಸುಮ್ಮನಿದ್ದುಬಿಡಬಹುದಿತ್ತು. ವರದಿಯೂ ಅದನ್ನೇ ಹೇಳುತ್ತಿತ್ತು, ಊರೂ ಅದನ್ನೇ ಹೇಳುತ್ತಿತ್ತು. ಆದರೆ ಅಣ್ಣ ತನ್ನ ಕಣ್ಣನ್ನೇ ಅನುಮಾನಿಸುವುದನ್ನು ಅವಳಿಂದ ನೋಡಲಾಗಲಿಲ್ಲ.

“ನಿನ್ನ ಕಣ್ಣಿಗಿ ಏನೂ ಆಗಿಲ್ಲ ಅಣ್ಣಾ,” ಎಂದಳು. “ಯಾರ ಕಣ್ಣಿಗೂ ಗೊತ್ತಾಗದಂಗ ನಾನ ಮಾಡೇನಿ. ಬೇಕಂತನ ಮಾಡೇನಿ. ಎಲಿ ನರ ಕಂದು ಮಾಡೋಣು, ನೋಡಿದ ಕೂಡಲೆ ಗುರುತ ಸಿಗತೈತಿ ಅಂತ ಸುಮನ ಅವತ್ತ ಹೇಳಿದ್ಲು. ಆಗೂವಂಥಾ ಕೆಲಸಾನ ಇತ್ತು. ನಾನ ಬ್ಯಾಡ ಅಂದೆ. ಅದಲ್ದ ಯಾವ ಬಾಜೂ ಅಂತ ಫೋನಿನ್ಯಾಗ ಸರಿಯಾಗಿ ಹೇಳಲೂ ಇಲ್ಲ. ನಿನ್ನ ಕುರಿ ಕೊಂದಾಕಿ ನಾನು, ನೀ ಅಲ್ಲ.”

ಮುತ್ತಪ್ಪನ ಮುಖದಲ್ಲಿ ಸಿಟ್ಟು ಬರಲಿ ಎಂದು ಅವಳು ಕಾದಳು. ಅದು ಬರಲಿಲ್ಲ. ಬಂದದ್ದು ಒಂದು ದೊಡ್ಡ ದಣಿವು. ಅವನು ಎದ್ದು, ರುಮಾಲು ಕೊಡವಿ ಸುತ್ತಿಕೊಂಡು, ಹಟ್ಟಿಯ ಕಡೆಗೆ ನಡೆದ. ಕುರಿ ಕೊಡುತ್ತಾನೋ ಇಟ್ಟುಕೊಳ್ಳುತ್ತಾನೋ ಹೇಳಲಿಲ್ಲ.

ಕೆಂಪವ್ವನ ಮೊರ ಆಗಲೇ ನಿಂತುಹೋಗಿತ್ತು.

“ಯಾಕ ಬ್ಯಾಡ ಅಂದಿ?” ಎಂದು ಕೇಳಿದಳು.

“ನಿನ್ನ ಸಲುವಾಗಿ ಅವ್ವ,” ಎಂದಳು ವಿದ್ಯಾ. ಹೇಳುವಾಗಲೇ ಆ ಮಾತು ಎಷ್ಟು ಹಗುರ ಎಂದು ಅವಳಿಗೆ ತಿಳಿಯಿತು. “ಕಂದು ನರದ ಜೋಳ ನೀ ಒಪ್ಪೂದಿಲ್ಲ, ರೋಗ ಅಂತ ಕಿತ್ತ ಒಗೀತಿ ಅಂತ ಅನಕೊಂಡೆ. ಅಂಥಾದರ ರೊಟ್ಟಿ ಬಡಿಯೂದಿಲ್ಲ ಅಂತ.”

ಕೆಂಪವ್ವ ಮಗಳನ್ನೇ ನೋಡಿದಳು. ಎಪ್ಪತ್ತು ವರ್ಷದ ಮುದುಕಿ, ಗಂಡನ ಹಿಂಡೂ ಮಗನ ಹಿಂಡೂ ಒಂದೇ ಚಿಗುರಿಗೆ ಹೋದದ್ದನ್ನು ಕಂಡವಳು.

“ರೊಟ್ಟಿ ಎಲೀದು ಮಾಡತಾರೇನ ವಿದ್ಯಾ? ಕಾಳಿಂದ ಮಾಡತಾರ. ಎಲಿ ಕಂದರ ಇರಲಿ, ಕರೀದರ ಇರಲಿ, ನನಗೇನು? ಅದರಿಂದ ನಮ್ಮ ಕುರಿ ಉಳೀತಾವ ಅಂದ್ರ ನಾ ಹೊಲದ ತುಂಬ ಅದನ್ನ ಬಿತ್ತತಿದ್ದೆ.” ಅವಳ ದನಿ ಏರಲಿಲ್ಲ. “ಬ್ಯಾಡ ಅನ್ನೂಕಿಂತ ಮೊದ್ಲ ನನ್ನ ಒಂದ ಮಾತರ ಕೇಳಿದ್ದೇನ ನೀ?”

ವಿದ್ಯಾ ಆರು ವರ್ಷದಲ್ಲಿ ಆ ಜೋಳದ ಬಗ್ಗೆ ಅವ್ವನನ್ನು ಕೇಳದ ಪ್ರಶ್ನೆಯಿರಲಿಲ್ಲ. ಎಂಥ ನೆಲಕ್ಕೆ ಬರುತ್ತದೆ, ಎಷ್ಟು ದಿನಕ್ಕೆ ಹಾಲು ಕಟ್ಟುತ್ತದೆ, ಹಿಟ್ಟು ಎಷ್ಟು ನೀರು ಹಿಡಿಯುತ್ತದೆ, ಎಲ್ಲ ಕೇಳಿ ಬರೆದುಕೊಂಡಿದ್ದಳು.

“ಇಲ್ಲವ್ವ,” ಎಂದಳು. “ಕೇಳಲಿಲ್ಲ.”